ಕುಕ್ಕರ್‌ನಂತೆ ಕೂಗುವ ಗಿಳಿ

ಮಕ್ಕಳೇ, ನಾನು ಪ್ರತಿ ಭಾನುವಾರ ಹೋಗುವ ಪಕ್ಷಿ ಆರೈಕೆ ಕೇಂದ್ರದಲ್ಲಿ ಒಂದು ಗಿಳಿ ಇದೆ. ಅದು ಬಂದ ದಿನ ನಾನು ಅಲ್ಲೇ ಇದ್ದೆ. ಹಳೆಯ ತಂತಿಪಂಜರ, ಮೇಲೆ ಟವೆಲ್ ಹೊದಿಸಿದ್ದರು. ಟವೆಲ್ ಸರಿಸಿದಾಗ ಗಿಳಿ ಕಿರುಚಲಿಲ್ಲ, ಕಚ್ಚಲೂ ಬರಲಿಲ್ಲ. ಹಿಂದಿನ ಮೂಲೆಗೆ ಒತ್ತಿಕೊಂಡು, ಗರಿಗಳನ್ನೆಲ್ಲ ಮೈಗೆ ಅಂಟಿಸಿಕೊಂಡು, ಕಡ್ಡಿಯ ಹಾಗೆ ಸಣ್ಣಗಾಗಿ ನಿಂತುಬಿಟ್ಟಿತು. ಎದೆಯ ಮೇಲೆ ನನ್ನ ಹೆಬ್ಬೆರಳಿನಷ್ಟು ಅಗಲಕ್ಕೆ ಗರಿಯೇ ಇರಲಿಲ್ಲ, ತೆಳು ಗುಲಾಬಿ ಚರ್ಮ ಕಾಣುತ್ತಿತ್ತು. ಯಾರೂ ಕಿತ್ತದ್ದಲ್ಲ. ತನ್ನ ಕೊಕ್ಕಿನಿಂದ ತಾನೇ ಕಿತ್ತುಕೊಂಡದ್ದು.

ನಾವೆಲ್ಲ ಹೊರಗೆ ಬಂದು ಬಾಗಿಲು ಹಾಕಿದೆವು. ಹೊಸ ಜಾಗದಲ್ಲಿ ಸ್ವಲ್ಪ ಹೊತ್ತು ಯಾರ ಮುಖವೂ ಕಾಣದಿದ್ದರೆ ಹಕ್ಕಿಗೆ ಒಳ್ಳೆಯದು. ಹತ್ತು ನಿಮಿಷ ಕಳೆದಿರಬೇಕು, ಒಳಗಿನಿಂದ ಕುಕ್ಕರ್ ಕೂಗಿದ ಸದ್ದು! ಆ ಕೋಣೆಯಲ್ಲಿ ಒಲೆಯೇ ಇಲ್ಲ. ಇನ್ನೊಂದು ಕೂಗು. ಮತ್ತೊಂದು. ಮೂರನೆಯ ಕೂಗಾದ ಮೇಲೆ ವಯಸ್ಸಾದ ಹೆಂಗಸಿನ ದನಿ: "ಪುಟ್ಟೀ, ಒಲೆ ಆರ್ಸೇ." ಆಮೇಲೆ ಎಲ್ಲ ಸ್ತಬ್ಧ. "ಹ್ಞೂಂ ಅಜ್ಜೀ" ಎಂದು ಯಾರಾದರೂ ಓಗೊಡಲಿ ಎಂದು ಕಾಯುತ್ತಿತ್ತೋ ಏನೋ.

ಆ ಗಿಳಿಯನ್ನು ಸಾಕಿದ ಮನೆಯವರು ಕೆಟ್ಟವರಲ್ಲ. ಆರು ವರ್ಷದ ಹಿಂದೆ ಸಂತೆಯಲ್ಲಿ ರೆಕ್ಕೆ ಬಲಿಯದ ಮರಿಯನ್ನು ಕಂಡು, ಅಯ್ಯೋ ಪಾಪ ಎಂದು ಕೊಂಡು ತಂದಿದ್ದರು. ಗಿಣಿರಾಮ ಎಂದು ಹೆಸರಿಟ್ಟಿದ್ದರು. ಪಂಜರ ಅಡುಗೆಮನೆಯ ಕಿಟಕಿಯಲ್ಲೇ ಇರುತ್ತಿತ್ತು. ದಿನವಿಡೀ ಅಜ್ಜಿಗೂ ಅದಕ್ಕೂ ಮಾತೇ ಮಾತು. ಒಂದು ದಿನ ಹೊರಗೆ ಬಿಟ್ಟಾಗ ತಿರುಗುತ್ತಿದ್ದ ಫ್ಯಾನಿಗೆ ಬಡಿದು ಎಡ ರೆಕ್ಕೆಯ ಮೂಳೆ ಮುರಿಯಿತು, ಆಮೇಲೆ ಅದು ಸೊಟ್ಟಗೆ ಕೂಡಿಕೊಂಡಿತು. ಅಜ್ಜಿ ತೀರಿಕೊಂಡ ಮೇಲೆ ಹಗಲಲ್ಲಿ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಪಂಜರ ಹಿಂದಿನ ಬಾಲ್ಕನಿಗೆ ಹೋಯಿತು. ಅಲ್ಲಿ ಒಂದು ಬೆಕ್ಕು ಪಂಜರದ ಮೇಲೆ ಕೂತು ಒಳಗೆ ಪಂಜ ತೂರಿಸುತ್ತಿತ್ತಂತೆ. ಗಿಳಿ ಗರಿ ಕೀಳತೊಡಗಿದಾಗ ಮನೆಯವರಿಗೆ ಗಾಬರಿಯಾಯಿತು. ವಿಚಾರಿಸಿದಾಗಲೇ ಅವರಿಗೆ ತಿಳಿದದ್ದು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದ ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿ ಸಾಕುವುದೂ ಅಪರಾಧ. ಅರಣ್ಯ ಇಲಾಖೆಗೆ ಅವರೇ ಫೋನ್ ಮಾಡಿದರು.

ಇದು ನೀವೆಲ್ಲ ನೋಡಿರುವ ಗಿಳಿಯೇ. ಸಂಜೆ ಕೀರ್ ಕೀರ್ ಎನ್ನುತ್ತಾ ಬಾಣದ ಹಾಗೆ ಗುಂಪಾಗಿ ಹೋಗುತ್ತವಲ್ಲ, ಅದೇ ಜಾತಿ. ಗಂಡಿಗೆ ಸುಮಾರು ಮೂರು ವರ್ಷ ತುಂಬುವ ಹೊತ್ತಿಗೆ ಕತ್ತಿನ ಸುತ್ತ ಕಪ್ಪು, ಗುಲಾಬಿ ಪಟ್ಟಿ ಮೂಡುತ್ತದೆ. ಆರು ವರ್ಷವಾದರೂ ಗಿಣಿರಾಮನ ಕತ್ತು ಬರಿಯ ಹಸಿರು. ರಾಮನಲ್ಲ, ಹೆಣ್ಣು! ಹೀಗೆ ರಾಮ ನಮ್ಮ ಕೇಂದ್ರದಲ್ಲಿ ರಮಾ ಆದಳು.

ಅರ್ಥ ತಿಳಿಯದೆ ಒಪ್ಪಿಸುವುದಕ್ಕೆ ಗಿಳಿಪಾಠ ಅನ್ನುತ್ತೇವೆ. ರಮಾಳನ್ನು ನೋಡಿದ ಮೇಲೆ ಆ ಮಾತು ನನ್ನ ಬಾಯಿಗೆ ಬರುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಮ್ಮ ದನಿಪೆಟ್ಟಿಗೆ ಗಂಟಲಲ್ಲಿದೆ. ಹಕ್ಕಿಗಳದ್ದು ಇನ್ನೂ ಕೆಳಗೆ, ಎದೆಯೊಳಗೆ, ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿ. ಅದಕ್ಕೆ ಸಿರಿಂಕ್ಸ್ ಎಂದು ಹೆಸರು. ಅಲ್ಲಿ ಹುಟ್ಟಿದ ಸದ್ದನ್ನು ಗಿಳಿ ತನ್ನ ದಪ್ಪ ನಾಲಿಗೆ ಆಡಿಸಿ ತಿದ್ದುತ್ತದೆ. ಆದರೆ ಉಪಕರಣ ಇದ್ದ ಮಾತ್ರಕ್ಕೆ ಆಗಲಿಲ್ಲ, ಕಲಿಯುವ ಮೆದುಳು ಬೇಕು. ಗಂಡು ಕೋಳಿಮರಿಯನ್ನು ಒಂಟಿಯಾಗಿ ಬೆಳೆಸಿದರೂ ದೊಡ್ಡದಾದ ಮೇಲೆ ಅದು ಹುಂಜದಂತೆಯೇ ಕೂಗುತ್ತದೆ, ಯಾರೂ ಹೇಳಿಕೊಡಬೇಕಿಲ್ಲ. ಕೇಳಿ ಕೇಳಿ ಸದ್ದು ಕಲಿಯುವ ಹಕ್ಕಿಗಳೆಂದು ಚೆನ್ನಾಗಿ ತಿಳಿದಿರುವುದು ಮೂರೇ ಬಳಗ: ಹಾಡುಹಕ್ಕಿಗಳು, ಹಮ್ಮಿಂಗ್‌ಬರ್ಡ್‌ಗಳು, ಗಿಳಿಗಳು.

ಕಾಡಿನಲ್ಲಿ ಗಿಳಿಗೆ ಕುಕ್ಕರ್ ಸದ್ದು ಕಲಿತು ಏನಾಗಬೇಕು? ಏನೂ ಆಗಬೇಕಿಲ್ಲ. ಅಲ್ಲಿ ಅದು ಕಲಿಯುವುದು ತನ್ನವರ ಸದ್ದನ್ನು. ದಕ್ಷಿಣ ಅಮೆರಿಕದ ವೆನೆಜುವೆಲಾದಲ್ಲಿ ಅಂಗೈಯಗಲದ ಪುಟ್ಟ ಗಿಳಿಗಳಿವೆ. ಅವುಗಳ ಗೂಡಿನಲ್ಲಿ ವಿಜ್ಞಾನಿಗಳು ಕ್ಯಾಮೆರಾ, ಮೈಕ್ ಇಟ್ಟು ಕೇಳಿದರು. ತಾಯ್ತಂದೆ ತಮ್ಮ ಮರಿಗಳ ಮುಂದೆ ಬೇರೆ ಬೇರೆ ಕೂಗು ಹಾಕುತ್ತವೆ, ಮರಿ ಅದನ್ನೇ ತುಸು ಬದಲಿಸಿಕೊಂಡು ತನ್ನದೆಂದು ಬಳಸುತ್ತದೆ. ನಾಮಕರಣ ಎನ್ನಬಹುದಲ್ಲವೇ? 2011ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಅಂದರೆ ಗಿಳಿಗೆ ಸದ್ದು ಕಲಿಯುವುದೆಂದರೆ "ನಾನು ನಿಮ್ಮವನು" ಎಂದು ಹೇಳುವುದು.

ಅಮೆರಿಕದಲ್ಲಿ ಐರಿನ್ ಪೆಪ್ಪರ್‌ಬರ್ಗ್ ಎಂಬ ವಿಜ್ಞಾನಿ 1977ರಿಂದ ಅಲೆಕ್ಸ್ ಎಂಬ ಆಫ್ರಿಕಾದ ಬೂದುಗಿಳಿಗೆ ಮಾತು ಕಲಿಸಿದರು. 2007ರಲ್ಲಿ ಸಾಯುವ ಹೊತ್ತಿಗೆ ಅದಕ್ಕೆ ನೂರಕ್ಕೂ ಹೆಚ್ಚು ಪದಗಳು ಬರುತ್ತಿದ್ದವು, ಬಣ್ಣ ಯಾವುದು, ಆಕಾರ ಯಾವುದು ಎಂದರೆ ಹೇಳುತ್ತಿತ್ತು. ಕಲಿಸಿದ್ದು ಹೇಗೆ ಗೊತ್ತೇ? ಒಂಟಿಯಾಗಿ ಕೂರಿಸಿ ಪಾಠ ಒಪ್ಪಿಸಿದ್ದಲ್ಲ. ಇಬ್ಬರು ಮನುಷ್ಯರು ಅದರ ಎದುರು ಒಬ್ಬರನ್ನೊಬ್ಬರು ಕೇಳುತ್ತಾ, ಉತ್ತರಿಸುತ್ತಾ, ವಸ್ತು ಕೊಡುತ್ತಾ ಪಡೆಯುತ್ತಾ ಇದ್ದರು. ನೋಡುತ್ತಿದ್ದ ಅಲೆಕ್ಸ್‌ಗೆ ನಡುವೆ ತಾನೂ ಸೇರಬೇಕು ಎನಿಸುತ್ತಿತ್ತು.

ಈಗ ರಮಾಳ ಕುಕ್ಕರ್ ಕೂಗನ್ನು ಇನ್ನೊಮ್ಮೆ ನೆನೆಯಿರಿ. ಅವಳ ಹಿಂಡು ಅಂದರೆ ಒಬ್ಬ ಅಜ್ಜಿ, ಒಂದು ಅಡುಗೆಮನೆ. ಆ ಹಿಂಡಿನ ಭಾಷೆಯಲ್ಲಿ ಅವಳು ಕರೆಯುತ್ತಿದ್ದಳು. ಹಿಂಡೇ ಇರಲಿಲ್ಲ.

ಒಂಟಿತನ ಮೈಗೂ ತಾಗುತ್ತದೆ. ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದನ್ನು ನೋಡಿದ್ದೀರಲ್ಲ? ಕುಚ್ಚು ಇರುವ ತನಕ ಎಳೆಗಳು ಬಿಚ್ಚಿಕೊಳ್ಳುವುದಿಲ್ಲ. ನಮ್ಮ ಜೀವಕೋಶದೊಳಗಿನ ಡಿಎನ್ಎ ಎಳೆಗಳ ತುದಿಗೂ ಅಂಥ ಕುಚ್ಚುಗಳಿವೆ, ಟೆಲೋಮಿಯರ್ ಎಂದು ಹೆಸರು. ವಯಸ್ಸಾದಂತೆ ಅವು ಸವೆಯುತ್ತವೆ. ಆಸ್ಟ್ರಿಯಾದ ವಿಜ್ಞಾನಿಗಳು 2014ರಲ್ಲಿ ಬೂದುಗಿಳಿಗಳ ರಕ್ತ ಪರೀಕ್ಷಿಸಿದಾಗ, ಒಂಟಿಯಾಗಿ ಸಾಕಿದ ಗಿಳಿಗಳ ಟೆಲೋಮಿಯರ್‌ಗಳು ಜೊತೆಯಿದ್ದ ಅದೇ ವಯಸ್ಸಿನ ಗಿಳಿಗಳದ್ದಕ್ಕಿಂತ ಗಿಡ್ಡವಾಗಿದ್ದವು. ಇದನ್ನು ಮೊದಲು ಓದಿದಾಗ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಗರಿ ಕೀಳುವುದಕ್ಕೆ ಒಂಟಿತನವೊಂದೇ ಕಾರಣ ಎಂದುಕೊಳ್ಳಬಾರದು. ಚರ್ಮದ ಹುಳು, ಸೋಂಕು, ಪೌಷ್ಟಿಕಾಂಶದ ಕೊರತೆ ಎಲ್ಲವೂ ಇರಬಹುದು. ಅದಕ್ಕೇ ಮೊದಲು ಪಶುವೈದ್ಯರು ನೋಡಿದರು. ರಮಾ ತಿಂದು ಬೆಳೆದದ್ದು ಅನ್ನ, ಸೂರ್ಯಕಾಂತಿ ಬೀಜ, ಹಸಿಮೆಣಸಿನಕಾಯಿ. ಸೂರ್ಯಕಾಂತಿ ಬೀಜದಲ್ಲಿ ಕೊಬ್ಬು ಜಾಸ್ತಿ, ಎ ವಿಟಮಿನ್ ತೀರಾ ಕಡಿಮೆ. ನಿಧಾನವಾಗಿ ಸೊಪ್ಪು, ಕ್ಯಾರೆಟ್, ಸೀಬೆ, ಎಳೆ ಜೋಳದ ತೆನೆ, ಮೊಳಕೆಕಾಳು ಶುರುವಾಯಿತು. ಮೆಣಸಿನಕಾಯಿಯನ್ನು ಮಾತ್ರ ನಿಲ್ಲಿಸಲಿಲ್ಲ. ಅದು ಅವಳಿಗೆ ಖಾರವೇ ಅಲ್ಲ! ಮೆಣಸಿನ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ ನಮ್ಮ ನಾಲಿಗೆಯ ಉರಿ ತಿಳಿಸುವ ನರಗಳನ್ನು ಕೆಣಕುತ್ತದೆ. ಹಕ್ಕಿಗಳ ನರದಲ್ಲಿರುವ ಅದೇ ಬಾಗಿಲಿಗೆ ಆ ಕೀಲಿ ಹೊಂದುವುದಿಲ್ಲ. ಮೆಣಸಿನ ಗಿಡಕ್ಕೂ ಇದೇ ಬೇಕು: ಇಲಿ ಬೀಜವನ್ನು ಅಗಿದು ಹಾಳುಮಾಡುತ್ತದೆ, ಅನೇಕ ಹಕ್ಕಿಗಳು ನುಂಗಿ ದೂರದಲ್ಲಿ ಬಿತ್ತುತ್ತವೆ.

ಈ ಮೆಣಸಿನಕಾಯಿಯಿಂದಲೇ ನಮ್ಮ ಸ್ನೇಹ ಶುರುವಾದದ್ದು.

ಗಿಳಿಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಬೇಟೆಯಾಡುವ ಗೂಬೆಯ ಕಣ್ಣು ಮುಂದಕ್ಕೆ, ಬೇಟೆಗೆ ಸಿಕ್ಕಿಬೀಳಬಹುದಾದ ಗಿಳಿಯ ಕಣ್ಣು ಸುತ್ತಲೂ ನೋಡುವಂತೆ. ಗಿಡುಗ ಮೇಲಿನಿಂದ ಎರಗುತ್ತದೆ. ನಾವು ಪ್ರೀತಿಯಿಂದ ತಲೆ ಸವರಲು ಚಾಚುವ ಕೈ ಎಲ್ಲಿಂದ ಬರುತ್ತದೆ? ಮೇಲಿನಿಂದಲೇ. ನೆಟ್ಟ ನೋಟವೂ ಬೇಟೆಗಾರನದೇ. ರಮಾಳ ಭಯ ಮೊಂಡುತನವಲ್ಲ. ಕೋಟಿ ವರ್ಷಗಳಿಂದ ಗಿಳಿಗಳನ್ನು ಬದುಕಿಸಿದ ಜಾಣತನ ಅದು, ಅದರ ಮೇಲೆ ಬೆಕ್ಕಿನ ನೆನಪು ಬೇರೆ.

ಹಾಗಾಗಿ ಮೊದಲ ವಾರ ನಾನು ಮಾಡಿದ್ದು ಒಂದೇ ಕೆಲಸ. ಬಾಗಿಲಿಂದ ಒಂದೊಂದೇ ಹೆಜ್ಜೆ ಮುಂದಿಟ್ಟು ಅವಳ ಗರಿ ನೋಡುವುದು. ಎಂಟು ಅಡಿ ದೂರದಲ್ಲಿ ಗರಿ ಮೈಗಂಟಿತು. ಅಲ್ಲೇ ನಿಂತೆ. ಗರಿ ಸಡಿಲವಾಗುವ ತನಕ ಕಾದು ಒಂದು ಹೆಜ್ಜೆ ಹಿಂದೆ ಸರಿದೆ. ಆ ಜಾಗದಲ್ಲಿ ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಗೆರೆಯಾಚೆ ಕುರ್ಚಿ ಹಾಕಿ, ಪಕ್ಕಕ್ಕೆ ತಿರುಗಿ ಕೂತು ಪೇಪರ್ ಓದಿದೆ. ಓದುತ್ತಾ ಮೆಲ್ಲಗೆ ಮಾತಾಡಿದೆ. ಹಿಂದೆ ಸರಿದದ್ದು ಏಕೆಂದರೆ, ತನ್ನ ಗರಿಯ ಮಾತನ್ನು ಈ ದೊಡ್ಡ ಪ್ರಾಣಿ ಕೇಳಿಸಿಕೊಳ್ಳುತ್ತದೆ ಎಂದು ಅವಳಿಗೆ ಗೊತ್ತಾಗಬೇಕಿತ್ತು. ಬೇಡ ಎನ್ನಬಹುದು ಎಂದು ತಿಳಿದ ಮೇಲೆ ಪ್ರಾಣಿಗೆ ಓಡಿಹೋಗುವ ಅಗತ್ಯ ಕಡಿಮೆಯಾಗುತ್ತದೆ. ಗೆರೆ ವಾರ ವಾರವೂ ಮುಂದೆ ಸರಿಯಿತು. ಪ್ರತಿ ಸಲ ಏಳುವ ಮುಂಚೆ ತಟ್ಟೆಯಲ್ಲಿ ಒಂದು ಹಸಿಮೆಣಸಿನಕಾಯಿ ಇಟ್ಟು ಬರುತ್ತಿದ್ದೆ.

ಐದನೆಯ ವಾರ, ನಾನು ಕುರ್ಚಿಯಲ್ಲಿ ಇರುವಾಗಲೇ ಅವಳು ಮೆಣಸಿನಕಾಯಿ ಎತ್ತಿಕೊಂಡಳು. ಗಿಳಿಯ ಕಾಲಲ್ಲಿ ಎರಡು ಬೆರಳು ಮುಂದೆ, ಎರಡು ಹಿಂದೆ, ಇಕ್ಕಳದ ಹಾಗೆ. ಎಡಗಾಲಲ್ಲಿ ಮೆಣಸಿನಕಾಯಿಯನ್ನು ಐಸ್‌ಕ್ಯಾಂಡಿಯಂತೆ ನೆಟ್ಟಗೆ ಹಿಡಿದು, ಸಿಪ್ಪೆಯನ್ನು ಉದ್ದಕ್ಕೆ ಸೀಳಿ, ಬೀಜಗಳನ್ನು ಒಂದೊಂದಾಗಿ ನಾಲಿಗೆ ತುದಿಯಿಂದ ಬಿಡಿಸಿದಳು. ಸಿಪ್ಪೆ ಕೆಳಗೆ, ಬೀಜ ಹೊಟ್ಟೆಗೆ. ನಾನು ಪೇಪರಿನ ಪುಟ ತಿರುಗಿಸುವುದನ್ನೂ ಮರೆತೆ.

ಆ ಖುಷಿಯಲ್ಲಿ ನಾನೊಂದು ತಪ್ಪು ಮಾಡಿದೆ. ಮುಂದಿನ ಭಾನುವಾರ ತಟ್ಟೆ ಬದಲಿಸುವಾಗ, ಈಗೇನು ನನ್ನನ್ನು ಬಲ್ಲಳಲ್ಲ ಎಂದು ಬೆರಳನ್ನು ಅವಳ ಎದೆಯ ತನಕ ಒಯ್ದುಬಿಟ್ಟೆ. ಅವಳು ಸರಳುಗಳಿಗೆ ಬಡಿದುಕೊಂಡ ರಭಸಕ್ಕೆ ಎರಡು ಬಾಲದ ಗರಿ ಮುರಿದವು. ಕುರ್ಚಿ ಮತ್ತೆ ಮೊದಲಿನ ಗೆರೆಯಾಚೆಗೇ ಹೋಯಿತು. ಐದು ವಾರ ಗಳಿಸಿದ್ದನ್ನು ಅರೆಕ್ಷಣದಲ್ಲಿ ಕಳೆದಿದ್ದೆ, ಅದನ್ನು ಮತ್ತೆ ಗಳಿಸಲು ಏಳು ವಾರ ಬೇಕಾಯಿತು. ಈಗಲೂ ಅವಳನ್ನು ಮುಟ್ಟುವುದಿಲ್ಲ. ತೂಕದ ಯಂತ್ರದ ಮೇಲೆ ಒಂದು ಕೊಂಬೆ ಕಟ್ಟಿ ಇಡುತ್ತೇವೆ, ಅವಳಾಗಿಯೇ ಹತ್ತುತ್ತಾಳೆ, ಒಂದು ಚೂರು ಸೀಬೆ ಪಡೆಯುತ್ತಾಳೆ. ಬಂದಾಗ 104 ಗ್ರಾಂ ಇದ್ದಳು, ಈಗ 121. ನೆಮ್ಮದಿಯಾಗಿದ್ದಾಳೆ ಎಂಬುದಕ್ಕೆ ಯಂತ್ರವೂ ಬೇಕಿಲ್ಲ. ಸಂಜೆ ಒಂದು ಕಾಲನ್ನು ಹೊಟ್ಟೆಯ ಗರಿಯೊಳಗೆ ಮಡಿಸಿ, ಕೊಕ್ಕನ್ನು ಕರಕರ ಮಸೆಯುತ್ತಾ ತೂಕಡಿಸುತ್ತಾಳೆ. ಹೆದರಿದ ಗಿಳಿ ಹಾಗೆ ಮಾಡುವುದಿಲ್ಲ.

ಆದರೆ ನಾನು ವಾರಕ್ಕೊಂದು ದಿನ ಬರುವವಳು. ನನಗೆ ರಮಾಳ ಭಾಷೆ ಬರುವುದಿಲ್ಲ, ರಾತ್ರಿ ಅವಳ ಪಕ್ಕದ ಕೊಂಬೆಯಲ್ಲಿ ಕೂರಲಾರೆ. ಹಳೆಯ ಪಂಜರದಲ್ಲಿ ಒಂದು ಕನ್ನಡಿ ತೂಗುಹಾಕಿದ್ದರು. ಕನ್ನಡಿಯ ಗಿಳಿ ಇವಳು ಕೂಗಿದರೆ ತಿರುಗಿ ಕೂಗದು, ಕಾಳು ಕೊಡದು. ಅದನ್ನು ನಾವು ತೆಗೆದಿದ್ದೆವು. ಅವಳಿಗೆ ನಿಜವಾದ ಗಿಳಿ ಬೇಕಿತ್ತು.

ಬೋರ ಬಂದದ್ದು ಆಗ. ಅವನು ಕಾಡುಗಿಳಿ, ಗಾಳಿಪಟದ ಮಾಂಜಾ ದಾರ ರೆಕ್ಕೆಯ ಸ್ನಾಯು ಕತ್ತರಿಸಿತ್ತು. ರಮಾಳಂತೆ ಅವನೂ ಇನ್ನು ಹಾರಲಾರ, ಇಲ್ಲದಿದ್ದರೆ ಗುಣವಾದ ಕೂಡಲೆ ಅವನನ್ನು ಹಿಂಡಿಗೇ ಬಿಡುತ್ತಿದ್ದೆವು. ಹೊಸ ಹಕ್ಕಿಯನ್ನು ನೇರವಾಗಿ ಜೊತೆಗೆ ಬಿಡುವಂತಿಲ್ಲ, ಗರಿ-ಕೊಕ್ಕಿನ ವೈರಸ್ ರೋಗ, ಗಿಳಿಜ್ವರ ಎಂಬ ಸೋಂಕುಗಳು ಹರಡಬಹುದು. ಗಿಳಿಜ್ವರ ಮನುಷ್ಯರಿಗೂ ಬರುತ್ತದೆ, ಹಾಗಾಗಿ ನಾವೆಲ್ಲ ಸೋಪು ಹಚ್ಚಿ ಕೈ ತೊಳೆಯುತ್ತೇವೆ. ನಲವತ್ತು ದಿನ ಬೋರ ಬೇರೆ ಕೋಣೆಯಲ್ಲಿದ್ದ. ಗೋಡೆಯಾಚೆಯಿಂದ ಅವನ "ಕೀಆಕ್" ಕೇಳಿದ ಮೊದಲ ದಿನ ರಮಾ ತಿನ್ನುವುದನ್ನು ನಿಲ್ಲಿಸಿ, ಕತ್ತು ನೀಳ ಮಾಡಿ, ತಲೆ ಓರೆ ಹಿಡಿದು ಕೇಳಿದಳು. ಆಮೇಲೆ ತನಗೆ ಗೊತ್ತಿದ್ದ ಉತ್ತರ ಕೊಟ್ಟಳು: ಕುಕ್ಕರ್‌ನ ಮೂರು ಕೂಗು.

ಆಮೇಲೆ ಎರಡು ಪಂಜರ ದೂರ ದೂರ, ಮತ್ತೆ ಹತ್ತಿರ, ಕೊನೆಗೆ ಪಕ್ಕಪಕ್ಕ. ಒಂದೇ ಹೊತ್ತಿಗೆ ಊಟ, ಏಕೆಂದರೆ ಗಿಳಿಗಳು ಗುಂಪಾಗಿ ಮೇಯುವ ಹಕ್ಕಿಗಳು. ದೊಡ್ಡ ಬಲೆಮನೆಗೆ ಬಿಟ್ಟಾಗ ಎರಡು ಕಡೆ ತಟ್ಟೆ, ಒಂದೇ ಎತ್ತರದ ಹಲವು ಕೊಂಬೆ. ಈ ಜಾತಿಯಲ್ಲಿ ಹೆಣ್ಣಿನದೇ ಯಜಮಾನಿಕೆ. ಮೊದಲ ದಿನವೇ ರಮಾ ಬೋರನನ್ನು ಜೋಳದ ತೆನೆಯಿಂದ ಎರಡು ಸಲ ಅಟ್ಟಿದಳು, ಅವನು ಬೇಸರಿಸದೆ ಇನ್ನೊಂದು ತಟ್ಟೆಗೆ ಹೋದ. ಲವ್‌ಬರ್ಡ್‌ಗಳ ಹಾಗೆ ಸದಾ ಮೈಗೆ ಮೈ ತಾಗಿಸಿ ಕೂರುವ ಜಾತಿಯೂ ಇದಲ್ಲ. ಒಂದು ಗೇಣು ಅಂತರ ಇಟ್ಟುಕೊಂಡು ಒಂದೇ ಕೊಂಬೆಯಲ್ಲಿ ಕೂತರು, ನಮಗೆ ಅಷ್ಟೇ ಸಾಕಿತ್ತು. ಎದೆಯ ಗರಿ ಮೊದಲು ಬಿಳಿ ಕೊಳವೆಗಳಂತೆ ಮೊಳೆತು, ಕೊಳವೆ ಒಡೆದು ಹಸಿರು ಬಿಚ್ಚಿಕೊಂಡಿತು. ಆ ಹೆಬ್ಬೆರಳಗಲದಲ್ಲಿ ಇನ್ನೂ ಅಲ್ಪಸ್ವಲ್ಪ ಖಾಲಿ ಉಳಿದಿದೆ.

ಮೊನ್ನೆ ಭಾನುವಾರ ಬೆಳಿಗ್ಗೆ ನಾನು ಬಲೆಮನೆಯ ಬೀಗ ತೆಗೆಯುತ್ತಿದ್ದೆ. ಕುಕ್ಕರ್ ಕೂಗಿತು. ರಮಾ ಎಂದುಕೊಂಡು ತಲೆ ಎತ್ತಿದರೆ, ಅವಳ ಬಾಯಿ ತುಂಬ ಜೋಳ. ಕೂಗಿದ್ದು ಬೋರ! ಹುಟ್ಟಿದಾರಭ್ಯ ಅಡುಗೆಮನೆಯನ್ನೇ ಕಾಣದ ಬೋರ. ಕೂಗು ಇನ್ನೂ ಹದಕ್ಕೆ ಬಂದಿರಲಿಲ್ಲ, ತುದಿಯಲ್ಲಿ ಒಡೆಯುತ್ತಿತ್ತು. ರಮಾ ತೆನೆಯನ್ನು ಕೆಳಗೆ ಬಿಟ್ಟಳು, ಅವನ ಕಡೆ ತಿರುಗಿ "ಕೀಆಕ್" ಎಂದಳು.