ಒಂದು ಮತದ ಅಂತರ



ಚುನಾವಣೆಯ ಮಾತು ಬಂದಾಗ, “ನನ್ನೊಬ್ಬನ ವೋಟಿನಿಂದ ಆಗತಕ್ಕದ್ದೇನು?” ಎಂದು ಕೇಳುವವರು ನಮ್ಮ ವಿದ್ಯಾವಂತರಲ್ಲಿ ಕಡಿಮೆಯಿಲ್ಲ. ಈ ಪ್ರಶ್ನೆಗೆ ನೀತಿಬೋಧೆಯಿಂದ ಉತ್ತರ ಹೇಳುವುದು ನನ್ನ ಉದ್ದೇಶವಲ್ಲ. ಎರಡು ಚುನಾವಣೆಗಳ ಲೆಕ್ಕವನ್ನು ತಮ್ಮ ಮುಂದಿಟ್ಟು, ಅದರಿಂದ ತಿಳಿಯತಕ್ಕುದೇನೆಂದು ವಿಚಾರ ಮಾಡುವುದಷ್ಟೇ ಇಂದಿನ ಕೆಲಸ.

2004ನೆಯ ಇಸವಿಯಲ್ಲಿ ಕರ್ನಾಟಕ ವಿಧಾನಸಭೆಗೆ ಚುನಾವಣೆ ನಡೆಯಿತು. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಕಾಂಗ್ರೆಸ್ ಪಕ್ಷದ ಶ್ರೀ ಆರ್. ಧ್ರುವನಾರಾಯಣ ಅವರೂ ಜಾತ್ಯತೀತ ಜನತಾದಳದ ಶ್ರೀ ಎ. ಆರ್. ಕೃಷ್ಣಮೂರ್ತಿ ಅವರೂ ಎದುರಾಳಿಗಳು. ಎಣಿಕೆ ಮುಗಿದಾಗ ಧ್ರುವನಾರಾಯಣರಿಗೆ ಬಂದುವು 40,752 ಮತಗಳು, ಕೃಷ್ಣಮೂರ್ತಿಯವರಿಗೆ 40,751. ಎಂಬತ್ತೊಂದು ಸಾವಿರಕ್ಕೂ ಮಿಕ್ಕ ಜನ ಎರಡು ಪಾಲಾಗಿ ನಿಂತಾಗ, ತಕ್ಕಡಿಯನ್ನು ಬಾಗಿಸಿದುದು ಒಂದೇ ಒಂದು ಮತ.

ಈ ಪ್ರಸಂಗಕ್ಕೆ ಸೇರಿದ ಒಂದು ವೃತ್ತಾಂತವನ್ನು ಪತ್ರಿಕೆಗಳು ಅನೇಕ ಸಲ ಬರೆದಿವೆ. ಸೋತ ಉಮೇದುವಾರರ ಕಾರಿನ ಚಾಲಕನಿಗೆ ಮತದಾನದ ದಿನ ಕೆಲಸದಿಂದ ಬಿಡುವು ದೊರೆಯಲಿಲ್ಲ. ಆತನು ಮತ ಹಾಕಲೇ ಇಲ್ಲ ಎಂಬುದೇ ಆ ವೃತ್ತಾಂತ. ಇದನ್ನು ಹೇಳುವವರು, “ಆ ಚಾಲಕನೊಬ್ಬನು ಮತ ಹಾಕಿದ್ದರೆ ಯಜಮಾನರು ಗೆದ್ದುಬಿಡುತ್ತಿದ್ದರು” ಎಂದು ಮುಗಿಸುವುದು ವಾಡಿಕೆ. ಲೆಕ್ಕ ಹಾಗಲ್ಲ. ಆ ಒಂದು ಮತ ಸೇರಿದ್ದರೆ ಎರಡು ಕಡೆಯೂ 40,752 ಆಗಿ ಸಮಸಮನಾಗುತ್ತಿತ್ತು. ಸಮನಾದಾಗ ಚೀಟಿ ಎತ್ತಬೇಕೆಂದೂ, ಯಾರ ಹೆಸರು ಬರುವುದೋ ಅವರಿಗೆ ಒಂದು ಮತ ಹೆಚ್ಚು ಬಂದಂತೆ ಎಣಿಸಬೇಕೆಂದೂ 1951ರ ಜನಪ್ರಾತಿನಿಧ್ಯ ಕಾನೂನಿನ 65ನೆಯ ಪ್ರಕರಣವು ವಿಧಿಸುತ್ತದೆ. ಆದುದರಿಂದ ಆ ಮತದಿಂದ ಗೆಲುವು ಖಂಡಿತವಾಗುತ್ತಿರಲಿಲ್ಲ. ಸೋಲು ಮಾತ್ರ ಅಖಂಡಿತವಾಗಿ ಉಳಿಯುತ್ತಿರಲಿಲ್ಲ. ಗೆಲ್ಲಬೇಕಾಗಿದ್ದರೆ ಬಿಡುವಿಲ್ಲದವರು ಇಬ್ಬರಿಗೆ ಬಿಡುವು ದೊರೆಯಬೇಕಾಗಿತ್ತು.

ಇಂಥ ಪ್ರಸಂಗ ನಮ್ಮ ನಾಡೊಂದಕ್ಕೇ ಸೇರಿದುದಲ್ಲ. ಅಮೆರಿಕದ ಇಲಿನಾಯ್ ಪ್ರಾಂತವು ಸಂಯುಕ್ತ ಸಂಸ್ಥಾನಗಳಲ್ಲಿ ಸೇರಿದುದು 1818ರಲ್ಲಿ. ಅದಕ್ಕೆ ಇಪ್ಪತ್ತು ವರ್ಷ ತುಂಬಿದಾಗ, ಎಂದರೆ 1838ರಲ್ಲಿ, ಅಲ್ಲಿಯ ಒಂದು ಕ್ಷೇತ್ರದಿಂದ ರಾಷ್ಟ್ರದ ಶಾಸನಸಭೆಗೆ ಇಬ್ಬರು ಸ್ಪರ್ಧಿಸಿದರು. ಒಬ್ಬರು ಜಾನ್ ಸ್ಟೂವರ್ಟ್. ಅಬ್ರಹಾಂ ಲಿಂಕನ್ನರು ಆಗ ಅವರೊಡನೆ ಪಾಲುಗೂಡಿ ವಕೀಲಿ ನಡೆಸುತ್ತಿದ್ದರು. ಇನ್ನೊಬ್ಬರು ಸ್ಟೀಫನ್ ಡಗ್ಲಸ್. ಇಪ್ಪತ್ತೈದು ವರ್ಷದ ತರುಣ. ಚಲಾಯಿಸಿದ ಮತಗಳು ಮೂವತ್ತಾರು ಸಾವಿರಕ್ಕೆ ಮೇಲು. ಸ್ಟೂವರ್ಟರು ಗೆದ್ದುದು ಮೂವತ್ತಾರು ಮತಗಳಿಂದ.

ಅಲ್ಲಿ ಆಗ ಗುಪ್ತಮತದಾನವಿರಲಿಲ್ಲ. ಮತದಾರನು ತನ್ನ ಆಯ್ಕೆಯ ಹೆಸರನ್ನು ಬಾಯಿಬಿಟ್ಟು ಹೇಳಬೇಕು; ಗುಮಾಸ್ತನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಹೆಸರನ್ನು ತಪ್ಪಾಗಿ ಬರೆದ ಕಾರಣದಿಂದ ತಮ್ಮವರಿಗೆ ಮತಗಳು ನಷ್ಟವಾದುವೆಂದು ಡಗ್ಲಸರ ಪಕ್ಷದವರು ದೂರಿದರು. ಅತ್ತ ಸ್ಟೂವರ್ಟರ ಪಕ್ಷದವರ ಆಕ್ಷೇಪಣೆ ಬೇರೆ. ಮಿಷಿಗನ್ ಸರೋವರದಿಂದ ಇಲಿನಾಯ್ ನದಿಗೆ ಕಾಲುವೆ ತೋಡುವ ಕೆಲಸ 1836ರಲ್ಲಿ ಮೊದಲಾಗಿತ್ತು. ಐರ್ಲೆಂಡಿನಿಂದ ಬಂದ ಕೂಲಿಕಾರರು ಅಲ್ಲಿ ನೆರೆದಿದ್ದರು. ಆರು ತಿಂಗಳು ನೆಲಸಿದ ಬಿಳಿಯ ಗಂಡಸರಿಗೆ ಅಲ್ಲಿಯ ರಾಜ್ಯವಿಧಾನವು ಮತ ಕೊಟ್ಟಿತ್ತು. ಆದರೆ ದೇಶದ ಪ್ರಜೆಗಳಾಗದವರು ಮತ ಹಾಕುವುದು ನ್ಯಾಯವೇ ಎಂಬುದು ವಾದ. ಕಾಲುವೆ ತೋಡಲು ಬೇಕಾದ ಕೈ, ಮತ ಹಾಕಲು ಬೇಡವೆ? ಅಂತರ ಕಿರಿದಾದಾಗ ಇಂಥ ಪ್ರಶ್ನೆಗಳೆಲ್ಲ ಹೊರಬೀಳುತ್ತವೆ. ಅಂತರ ಹಿರಿದಾದರೆ ಅವು ಪರಿಹಾರವಾಗುವುದಿಲ್ಲ, ಮರೆಯಾಗುತ್ತವೆ, ಅಷ್ಟೆ.

ನಮ್ಮ ಮೈಸೂರಿನಲ್ಲಿಯೂ ಮತದ ಹಕ್ಕು ಒಮ್ಮೆಗೇ ಎಲ್ಲರಿಗೂ ಬಂದುದಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆಯು ಹುಟ್ಟಿದಾಗ ಚುನಾವಣೆಯೇ ಇರಲಿಲ್ಲ. ಕೆಲವು ವರ್ಷಗಳ ಮೇಲೆ ಚುನಾವಣೆ ಬಂದಾಗ, ಕಂದಾಯ ಕಟ್ಟುವವರು, ಪದವೀಧರರು ಮುಂತಾದ ಅರ್ಹತೆಯುಳ್ಳವರಿಗೆ ಮಾತ್ರ ಮತ. ಸಂಬಳಕ್ಕೆ ಗಾಡಿ ಹೊಡೆಯುವವನ ಹೆಸರು ಆ ಪಟ್ಟಿಯಲ್ಲಿ ಬರುವಂತಿರಲಿಲ್ಲ. ಸಂತೇಮರಹಳ್ಳಿಯ ಚಾಲಕನಿಗೆ ಗಣರಾಜ್ಯದ ಸಂವಿಧಾನವು ಹಕ್ಕನ್ನು ಕೊಟ್ಟಿತ್ತು. ಆತನಿಗಿಲ್ಲದುದು ಬಿಡುವು ಮಾತ್ರ.

ಕಾಲುವೆಯ ಕೂಲಿಕಾರರನ್ನೂ ಈ ಚಾಲಕನನ್ನೂ ಒಟ್ಟಿಗೆ ನೆನೆದಾಗ, ಹೊಸೂರು ರಸ್ತೆಯ ಮೇಲಣ ನಮ್ಮ ಬೊಮ್ಮಸಂದ್ರವು ಕಣ್ಣಮುಂದೆ ಬರುತ್ತದೆ. ಆನೇಕಲ್ ತಾಲೂಕಿನ ಈ ಊರು ಇಂದು ಕಾರ್ಖಾನೆಗಳ ನೆಲೆ. ಬೆಳಗಿನ ಪಾಳಿಗೆ ಹೋಗುವವರನ್ನು ಊರು ಯಾವುದೆಂದು ಕೇಳಿದರೆ ಒಬ್ಬನು ರಾಯಚೂರೆನ್ನುವನು, ಒಬ್ಬನು ಕಲಬುರಗಿಯೆನ್ನುವನು, ಮತ್ತೊಬ್ಬನು ಬಿಹಾರವೆನ್ನುವನು. ಇವರು ಪರದೇಶದವರಲ್ಲ; ಮತವುಳ್ಳ ಪ್ರಜೆಗಳೇ. ಆದರೆ ಬಾಡಿಗೆಯ ಕೋಣೆ ಇಲ್ಲಿ, ಮತದ ಪಟ್ಟಿಯಲ್ಲಿ ಹೆಸರು ಅಲ್ಲಿ. ಎರಡು ಕಡೆ ಹೆಸರಿರುವುದನ್ನು ಕಾನೂನು ಒಪ್ಪುವುದಿಲ್ಲ. ಸಾಧಾರಣವಾಗಿ ಎಲ್ಲಿ ವಾಸವೋ ಅಲ್ಲಿ ಹೆಸರನ್ನು ಬರೆಯಿಸಬಹುದು. ಆದರೆ ಕೋಣೆಯನ್ನು ವರ್ಷಕ್ಕೊಂದರಂತೆ ಬದಲಾಯಿಸುವವನು ವಾಸಕ್ಕೆ ಪುರಾವೆಯನ್ನು ಎಲ್ಲಿಂದ ತಂದಾನು?

ಬಿಡುವಿನ ವಿಷಯದಲ್ಲಿಯೂ ಕಾನೂನು ಮೌನವಾಗಿಲ್ಲ. ಮತದಾನದ ದಿನ ಉದ್ಯೋಗಸ್ಥರಿಗೆ ಸಂಬಳಸಹಿತ ರಜೆ ಕೊಡಬೇಕೆಂಬ 135-ಬಿ ಪ್ರಕರಣವು ಅದೇ ಕಾನೂನಿಗೆ 1996ರಲ್ಲಿ ಸೇರಿತು. ದಿನಗೂಲಿಯವರಿಗೂ ಅದು ಸಲ್ಲುತ್ತದೆ. ಕೆಲಸಗಾರನು ಬಾರದಿದ್ದರೆ ಅಪಾಯವೋ ಭಾರಿ ನಷ್ಟವೋ ಆಗುವಂಥ ಕೆಲಸಗಳಿಗೆ ಮಾತ್ರ ವಿನಾಯಿತಿ. ಆದರೆ ಒಂದು ದಿನದ ರಜೆಯಲ್ಲಿ ರಾಯಚೂರಿಗೆ ಹೋಗಿ ಮತ ಹಾಕಿ ಮರುದಿನದ ಪಾಳಿಗೆ ಬಂದು ನಿಲ್ಲುವುದು ಎಷ್ಟು ಮಂದಿಗೆ ಸಾಧ್ಯ?

ಆದುದರಿಂದ ಮೊದಲಿನ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳೋಣ. “ನನ್ನೊಬ್ಬನ ವೋಟಿನಿಂದ ಆಗತಕ್ಕದ್ದೇನು?” ಎನ್ನುವವನು ಬಿಡುವಿದ್ದವನು. ಆತನು ಕೇಳಬೇಕಾದುದು, “ನನ್ನ ಕೈಕೆಳಗೆ ದುಡಿಯುವವನಿಗೆ ಆ ದಿನ ಬಿಡುವಿದೆಯೆ?” ಎಂದು. ಕಾರು ನಡೆಸುವವನಿದ್ದಾನೆ, ಅಡಿಗೆಯವಳಿದ್ದಾಳೆ, ಬಾಗಿಲು ಕಾಯುವವನಿದ್ದಾನೆ. ಇವರ ಹೆಸರು ಯಾವ ಪಟ್ಟಿಯಲ್ಲಿದೆಯೆಂದು ಚುನಾವಣೆಗೆ ಮುಂಚೆಯೇ ವಿಚಾರಿಸುವುದು, ಬಾಡಿಗೆಯ ಪತ್ರವನ್ನು ಬರೆದುಕೊಡುವುದು, ಊರಿಗೆ ಹೋಗಬೇಕಾದವರಿಗೆ ಇನ್ನೊಂದು ದಿನವನ್ನು ಕೂಡಿಸಿಕೊಡುವುದು: ಇವಕ್ಕೆ ಹೊಸ ಕಾನೂನು ಬೇಕಾಗಿಲ್ಲ.

ಸಂತೇಮರಹಳ್ಳಿ ಕ್ಷೇತ್ರವು 2008ರ ಪುನರ್ವಿಂಗಡಣೆಯಲ್ಲಿ ಇಲ್ಲವಾಯಿತು. ಧ್ರುವನಾರಾಯಣರು ಮುಂದೆ ಲೋಕಸಭೆಯ ಸದಸ್ಯರಾಗಿ, 2023ರಲ್ಲಿ ತೀರಿಕೊಂಡರು. ಕೃಷ್ಣಮೂರ್ತಿಯವರು ಅದೇ ವರ್ಷ ಕೊಳ್ಳೇಗಾಲದಿಂದ ಗೆದ್ದು ವಿಧಾನಸಭೆಗೆ ಬಂದರು. ಅದೂ ತಮ್ಮನ್ನು ಹಿಂದೆ ಸೋಲಿಸಿದ ಪಕ್ಷದಿಂದಲೇ. ಸೋತವರಿಗೂ ಗೆದ್ದವರಿಗೂ ಕಾಲವು ಮತ್ತೊಂದು ಅವಕಾಶವನ್ನು ಕೊಟ್ಟಿತು. ಆದರೆ ಚಾಲಕನ ಆ ಒಂದು ದಿನವು ಆತನಿಗೆ ಮರಳಿ ಬರುವಂತಿಲ್ಲ.