ಮನೆಯ ಒಲೆ, ಮನೆಯ ದೀಪ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ನಡೆದ ಕುಟುಂಬ ಸಮ್ಮೇಳನದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಪಾಠ)



ಈ ಸಂಜೆ ನಮ್ಮ ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ಕುರಿತು ನಾನು ಮಾತನಾಡಬೇಕೆಂದು ಉತ್ಸವ ಸಮಿತಿಯವರು ಅಪೇಕ್ಷಿಸಿದ್ದರು. ಆ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ನಮ್ಮಲ್ಲಿದ್ದಾರೆ. ಅವರು ಬರೆಯುವುದೇ ಉಚಿತ. ಅವರ ಅಪ್ಪಣೆ ಪಡೆದು ನಾನು ಅಡಿಗೆಮನೆಯ ವಿಷಯವೊಂದನ್ನು ಆರಿಸಿಕೊಂಡಿದ್ದೇನೆ. ಗುರುಗಳಿಗೆ ಅಡಿಗೆಮನೆಯ ಗೊಡವೆ ಏಕೆಂದು ತಾವು ನಗಬಹುದು. ಕಳೆದ ವರ್ಷ ಮನೆಗಳನ್ನು ಆಶೀರ್ವದಿಸುತ್ತ ಬೀದಿ ಬೀದಿ ತಿರುಗಿದಾಗ, ತೀರ್ಥ ಚಿಮುಕಿಸಲು ನಾನು ಒಳಕೋಣೆಗಳಿಗೂ ಹೋಗಬೇಕಾಯಿತು. ಅಲ್ಲಿ ಕಂಡದ್ದು ನನ್ನ ಮನಸ್ಸನ್ನು ಬಿಟ್ಟು ಹೋಗಿಲ್ಲ.

ಒಂದು ಮನೆಯಲ್ಲಿ ಗ್ಯಾಸ್ ಒಲೆಯ ಮೇಲೆ ಹೂವಿನ ಕಸೂತಿಯ ಬಟ್ಟೆ ಹೊದಿಸಿತ್ತು. ಅದರ ಪಕ್ಕದಲ್ಲೇ ಮೂರು ಕಲ್ಲುಗಳ ಒಲೆ ಹೊಗೆಯಾಡುತ್ತಿತ್ತು. "ಅದು ನೆಂಟರು ಬಂದಾಗ ಮಾತ್ರ, ಫಾದರ್" ಎಂದರು ಆ ತಾಯಿ. ಗೃಹಜ್ಯೋತಿ ಯೋಜನೆಯಿಂದಾಗಿ ಅವರ ವಿದ್ಯುತ್ ಬಿಲ್ಲು ಸೊನ್ನೆ. ಆದರೆ ಗ್ಯಾಸ್ ಸಿಲಿಂಡರ್ ಒಂದಕ್ಕೆ 850 ರೂಪಾಯಿಗಿಂತಲೂ ಹೆಚ್ಚು ತೆರಬೇಕು. ಕೂಲಿಯ ಹಣದಲ್ಲಿ ಅಷ್ಟನ್ನು ಒಮ್ಮೆಲೇ ಎತ್ತಿಡುವುದು ಅವರಿಂದ ಆಗದು. ಆದುದರಿಂದ ವಾರಕ್ಕೆ ಮುನ್ನೂರು ರೂಪಾಯಿಯ ಸೌದೆ ಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ: ತಿಂಗಳಿಗೆ ಸಾವಿರದ ಇನ್ನೂರು ರೂಪಾಯಿ ಸುಟ್ಟು, ಮೇಲೆ ಹೊಗೆಯನ್ನೂ ಕುಡಿಯುತ್ತಾರೆ. ಸೊನ್ನೆ ಬಿಲ್ಲಿನ ಮನೆಯೇ ನಮ್ಮ ಬೀದಿಯಲ್ಲಿ ಶಕ್ತಿಗೆ ಅತಿ ಹೆಚ್ಚು ಬೆಲೆ ತೆರುವ ಮನೆಗಳಲ್ಲೊಂದು ಎಂಬುದು ನನಗೆ ಆ ದಿನ ಅರಿವಾಯಿತು.

ಇದು ಇಂದು ನಿನ್ನೆಯ ಕಥೆಯಲ್ಲ. ಕಾವೇರಿ ನದಿಯ ಶಿವನಸಮುದ್ರದಲ್ಲಿ 1902ರಲ್ಲಿ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸಿದಾಗ, ಆ ವಿದ್ಯುತ್ತು ಸುಮಾರು ನೂರೈವತ್ತು ಕಿಲೋಮೀಟರು ದೂರ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ತಂತಿ ಹಾದುಹೋದ ಹಳ್ಳಿಗಳು ಇನ್ನೂ ಎಷ್ಟೋ ದಶಕ ಎಣ್ಣೆ ದೀಪದಲ್ಲಿಯೇ ಉಳಿದವು. ನೂರು ವರ್ಷಗಳ ಹಿಂದೆ ಈ ದೇವಾಲಯದ ಅಸ್ತಿಭಾರ ಹಾಕಿದವರೂ ಅಂತಹವರೇ. ಕ್ರಿಸ್ಮಸ್ ರಾತ್ರಿಯ ಬಲಿಪೂಜೆಗೆ ಪೆಟ್ರೋಮ್ಯಾಕ್ಸ್ ಹೊತ್ತು ತರುತ್ತಿದ್ದ ಉಪದೇಶಿಗಳನ್ನು ನೆನೆಯುವ ಅಜ್ಜಂದಿರು ಇಲ್ಲಿ ಕುಳಿತಿದ್ದಾರೆ. ಮುಂದೆ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ ನಾಡಿಗೆಲ್ಲ ಬೆಳಕು ಕೊಟ್ಟಾಗ ಮನೆ ಹೊಲ ಮುಳುಗಿಸಿಕೊಂಡವರ ಕಣ್ಣೀರು ಬೇರೆ. ನೀರಿನಿಂದ ಬಂದ ವಿದ್ಯುತ್ತು ಶುದ್ಧವೆಂಬುದು ನಿಜ. ಆದರೆ ಅದು ಯಾರ ಮನೆಯನ್ನು ಮೊದಲು ಸೇರಿತು, ಯಾರ ಮನೆಯನ್ನು ದಾಟಿಹೋಯಿತು ಎಂಬ ಪ್ರಶ್ನೆ ಉಳಿದೇ ಇದೆ. ಸೂರ್ಯನಿಂದ ಬರುವ ವಿದ್ಯುತ್ತಿಗೂ ಇದೇ ಪ್ರಶ್ನೆಯನ್ನು ನಾವು ಈಗಲೇ ಕೇಳಬೇಕು.

ನೀರನ್ನು ನಂಬಿದರೆ ಮಳೆಯನ್ನು ನಂಬಬೇಕು. 2023ರಲ್ಲಿ ಮಳೆ ಕೈಕೊಟ್ಟಾಗ ನಮ್ಮ ರಾಜ್ಯದಲ್ಲಿ ವಿದ್ಯುತ್ತಿನ ಅಭಾವ ಹೇಗೆ ತಲೆದೋರಿತೆಂದು ಪಂಪ್‌ಸೆಟ್ಟಿನ ಮುಂದೆ ರಾತ್ರಿ ಕಾದ ರೈತರಿಗೆ ನಾನು ಹೇಳಬೇಕಾಗಿಲ್ಲ. ಕಲ್ಲಿದ್ದಲನ್ನು ನಂಬೋಣವೆಂದರೆ ನಮ್ಮ ನಾಡಿನಲ್ಲಿ ಅದು ದೊರೆಯದು. ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕೂ ಹೊರಗಿನಿಂದ ರೈಲಿನಲ್ಲಿ ಬರಬೇಕು. ಆ ಸಾಗಣೆಯ ಖರ್ಚು ಕೊನೆಗೆ ಸೇರುವುದು ನಮ್ಮ ಬಿಲ್ಲಿಗೇ.

ಬಿಸಿಲಾದರೋ ನಮ್ಮಲ್ಲಿ ಬೇಕಾದಷ್ಟಿದೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ, ಬರದಿಂದ ಬೆಂದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ 2019ರ ಹೊತ್ತಿಗೆ ಸಿದ್ಧವಾಯಿತು. ರೈತರಿಂದ ಭೂಮಿಯನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಎರಡು ವರ್ಷಕ್ಕೊಮ್ಮೆ ಅದು ಶೇಕಡಾ 5ರಷ್ಟು ಏರುವಂತೆ ಕರಾರಾಯಿತು. ಭೂಮಿಯುಳ್ಳವರಿಗೆ ಇದು ನ್ಯಾಯವೇ. ಆದರೆ ಅದೇ ಹೊಲಗಳಲ್ಲಿ ಕಳೆ ಕಿತ್ತು ಬದುಕುತ್ತಿದ್ದ ಭೂಹೀನರಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ, ಕೂಲಿಯೂ ಇಲ್ಲ.

ಇನ್ನು ನಮ್ಮ ಮನೆಗಳ ಮಾಳಿಗೆಯ ಮಾತು. 2024ರ ಫೆಬ್ರವರಿಯಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವಾಟ್ ಫಲಕಗಳಿಗೆ 30,000, ಎರಡಕ್ಕೆ 60,000, ಮೂರು ಅಥವಾ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿದ್ದಾರೆ. ಒಂದು ಕಿಲೋವಾಟಿಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ಅದು ನಮ್ಮ ಬಿಸಿಲಿನಲ್ಲಿ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಮೂರು ಕಿಲೋವಾಟ್ ಹಾಕಿಸಿದರೆ ತಿಂಗಳಿಗೆ ಮುನ್ನೂರೈವತ್ತು ಯೂನಿಟ್‌ನಷ್ಟು. ಯೂನಿಟ್ಟಿಗೆ ಆರು ರೂಪಾಯಿ ಎಂದಿಟ್ಟುಕೊಂಡರೆ ಎರಡು ಸಾವಿರ ರೂಪಾಯಿ ಉಳಿಯುತ್ತದೆ. ಸಹಾಯಧನ ಕಳೆದು ಕೈಯಿಂದ ಹಾಕುವ ಲಕ್ಷ ಚಿಲ್ಲರೆ ಐದಾರು ವರ್ಷದೊಳಗೆ ಹಿಂದಿರುಗುತ್ತದೆ. ಫಲಕಗಳು ಇಪ್ಪತ್ತೈದು ವರ್ಷ ಬಾಳುತ್ತವೆ. ನಡುವೆ ಇನ್ವರ್ಟರನ್ನು ಒಮ್ಮೆ ಬದಲಾಯಿಸಬೇಕಾದೀತು. ದೊಡ್ಡ ಬಿಲ್ಲು ಕಟ್ಟುವ ನಮ್ಮ ಅನುಕೂಲಸ್ಥ ಕುಟುಂಬಗಳು ಇನ್ನೂ ಏಕೆ ಕಾಯುತ್ತಿವೆಯೋ ನನಗೆ ತಿಳಿಯದು. ಮದುವೆಯ ಚಪ್ಪರಕ್ಕೆ ಇದಕ್ಕಿಂತ ಹೆಚ್ಚು ಖರ್ಚು ಮಾಡಿದವರನ್ನು ನಾನು ಬಲ್ಲೆ. ಹೆಸರು ಹೇಳುವುದಿಲ್ಲ, ಹೆದರಬೇಡಿ.

ಆದರೆ ಕಸೂತಿ ಬಟ್ಟೆಯ ಗ್ಯಾಸ್ ಒಲೆಯ ತಾಯಿಗೆ ಇದರಿಂದ ಏನು ಬಂತು? ಅವರದು ಶೀಟಿನ ಬಾಡಿಗೆ ಮನೆ. ಮಾಳಿಗೆ ಇಲ್ಲ, ಲಕ್ಷ ರೂಪಾಯಿ ಇಲ್ಲ, ಬ್ಯಾಂಕಿನಲ್ಲಿ ಮುಖವಿಲ್ಲ. ಉಚಿತ ವಿದ್ಯುತ್ತಿನಿಂದಲೇ ವಿದ್ಯುತ್ ಒಲೆಯನ್ನು ಉರಿಸಬಾರದೇ ಎಂದು ಕೇಳಿದೆ. ಅವರಿಗೆ ದೊರೆಯುವ ಉಚಿತ ಯೂನಿಟ್‌ಗಳು ಪೂರ್ತಿ 200 ಅಲ್ಲ. 2022-23ರಲ್ಲಿ ಅವರು ಬಳಸಿದ ಸರಾಸರಿಗೆ ಸ್ವಲ್ಪ ಸೇರಿಸಿದಷ್ಟು ಮಾತ್ರ. ಅಂದು ಎರಡು ಬಲ್ಬು ಉರಿಸಿ ಮಿತವಾಗಿ ಬದುಕಿದವರಿಗೆ ಇಂದೂ ಎರಡು ಬಲ್ಬಿನಷ್ಟೇ ಉಚಿತ. ಹೆಚ್ಚು ಬಳಸಿದರೆ ಹೆಚ್ಚಿನದಕ್ಕೆ ಹಣ ಕಟ್ಟಬೇಕು. ಯೋಜನೆಯನ್ನು ನಾನು ಹಳಿಯುತ್ತಿಲ್ಲ, ಎಷ್ಟೋ ಮನೆಗಳಿಗೆ ಅದು ಉಸಿರು ಕೊಟ್ಟಿದೆ. ಆದರೆ ಅದು ಒಲೆಯವರೆಗೆ ತಲುಪಿಲ್ಲ.

ಬಡವರಿಗೆ ಸೌರಶಕ್ತಿ ಎಟುಕದು ಎಂಬ ಮಾತು ಸುಳ್ಳೆಂದು ನಮ್ಮ ನಾಡಿನವರೇ ತೋರಿಸಿಕೊಟ್ಟಿದ್ದಾರೆ. ಬೆಂಗಳೂರಿನಲ್ಲಿ 1995ರಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿ, ಬಡವರ ಸಂಪಾದನೆಯ ಲಯಕ್ಕೆ ತಕ್ಕಂತೆ ಸಣ್ಣ ಕಂತುಗಳಲ್ಲಿ ದೀಪಗಳನ್ನು ಒದಗಿಸಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಅದಕ್ಕೂ ಮೊದಲು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ವಿಭಾಗ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರವನ್ನು ನಿರ್ಮಿಸಿತು. ಅಡಿಗೆಗೆ ಗ್ಯಾಸ್ ಕೊಡೋಣವೆಂದು ಹೊರಟರು, ಸಗಣಿ ಸಾಲಲಿಲ್ಲ. ಆಗ ಜನರ ಅಗತ್ಯ ನೋಡಿ, ಅದೇ ಗ್ಯಾಸಿನಿಂದ ಯಂತ್ರ ನಡೆಸಿ ಮನೆಗಳಿಗೆ ಕುಡಿಯುವ ನೀರನ್ನೂ ದೀಪವನ್ನೂ ಕೊಟ್ಟರು. ಸಗಣಿ ತಂದವರಿಗೆ ತೂಕದ ಮೇಲೆ ಹಣ. ಗಸಿ ಗೊಬ್ಬರವಾಗಿ ಮರಳಿ ಅವರಿಗೇ. ಹೊಗೆಯನ್ನೂ ಸೌದೆಯನ್ನೂ ಕಡಿಮೆ ಮಾಡುವ ಅಸ್ತ್ರ ಒಲೆ ಅವರದೇ ಕೊಡುಗೆ.

ನನ್ನ ಸೋಲೊಂದನ್ನೂ ಹೇಳಬೇಕು. ಹಿಂದಿನ ಧರ್ಮಕೇಂದ್ರವೊಂದರಲ್ಲಿ ದಾನಿಗಳಿಂದ ನಾಲ್ಕು ಸೌರ ಬೀದಿದೀಪಗಳನ್ನು ತರಿಸಿ, ನಾಡಿನ ಗಣ್ಯರಿಂದ ಉದ್ಘಾಟಿಸಿ, ಫೋಟೋ ತೆಗೆಸಿಕೊಂಡೆ. ಮೂರನೆಯ ವರ್ಷ ಬ್ಯಾಟರಿಗಳು ಸತ್ತವು. ಹೊಸದಕ್ಕೆ ಹಣವನ್ನು ಯಾರೂ ತೆಗೆದಿಟ್ಟಿರಲಿಲ್ಲ. ಹಾಗೆ ತೆಗೆದಿಡಬೇಕೆಂದು ನಾನೂ ಹೇಳಿರಲಿಲ್ಲ. ಕೊನೆಯ ಬಾರಿ ಹೋದಾಗ ಒಂದು ಕಂಬಕ್ಕೆ ಎಮ್ಮೆ ಕಟ್ಟಿದ್ದರು. ದಾನವಾಗಿ ಬಂದ ಬೆಳಕಿಗೆ ಒಡೆಯರಿರಲಿಲ್ಲ.

ಆದುದರಿಂದ ಪಾಲನಾ ಸಮಿತಿಯ ಮುಂದೆ ನಾನಿಟ್ಟಿರುವ ಸಲಹೆ ಬೇರೆ ಬಗೆಯದು. ವ್ಯಾಟಿಕನ್ನಿನಲ್ಲಿ 2008ರಲ್ಲಿ ಆರನೆಯ ಪೌಲರ ಸಭಾಂಗಣದ ಛಾವಣಿಯ ಮೇಲೆ 2,400 ಸೌರಫಲಕಗಳನ್ನು ಹಾಕಿದರು. 2024ರ ಜೂನ್ ತಿಂಗಳಿನಲ್ಲಿ ಜಗದ್ಗುರು ಫ್ರಾನ್ಸಿಸರು ತಮ್ಮ ನಗರಕ್ಕೆಲ್ಲ ವಿದ್ಯುತ್ತು ನೀಡುವ ಸೌರ ಸ್ಥಾವರವನ್ನು, ಕೃಷಿಗೆ ಅಡ್ಡಿಯಾಗದಂತೆ, ಕಟ್ಟಲು ಪತ್ರವಿತ್ತರು. 2015ರ ವಿಶ್ವಪತ್ರದಲ್ಲಿ ಅವರು ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಬೇರ್ಪಡಿಸದೆ ಕೇಳಬೇಕೆಂದದ್ದನ್ನು ನಾವು ಈ ವೇದಿಕೆಯಿಂದಲೇ ಓದಿದ್ದೇವೆ. ನಮ್ಮ ಸಮುದಾಯ ಭವನದ ತಾರಸಿ ವಿಶಾಲವಾಗಿದೆ, ದಕ್ಷಿಣಕ್ಕೆ ಮರದ ನೆರಳಿಲ್ಲ. ಅಲ್ಲಿ ಐದು ಕಿಲೋವಾಟ್ ಹಾಕೋಣ. ಉಳಿಯುವ ಹಣ ದೇವಾಲಯದ ಪೆಟ್ಟಿಗೆ ಸೇರಬಾರದು. ಅದು ಪ್ರತ್ಯೇಕ ನಿಧಿಯಾಗಲಿ. ಅದರಿಂದ ಬಾಡಿಗೆ ಮನೆಯವರಿಗೆ ಸಿಲಿಂಡರಿಗಾಗಿ ಬಡ್ಡಿಯಿಲ್ಲದ ಸಾಲ, ವಾರದ ಕಂತಿನಲ್ಲಿ ತೀರಿಸುವಂತೆ; ಸೌದೆ ಬಿಡಲಾಗದವರಿಗೆ ಹೊಗೆಕೊಳವೆಯ ಒಲೆ; ಮಾಳಿಗೆಯಿದ್ದು ಹಣವಿಲ್ಲದವರಿಗೆ ಬ್ಯಾಂಕ್ ಸಾಲದ ಮೊದಲ ಕಂತು. ಪ್ರತಿ ತಿಂಗಳು ಹತ್ತನೆಯ ಒಂದು ಪಾಲನ್ನು ದುರಸ್ತಿಗೆಂದೇ ಎತ್ತಿಡತಕ್ಕದ್ದು. ಲೆಕ್ಕವನ್ನು ಮಹಿಳಾ ಸಂಘದವರು ನೋಡಿಕೊಳ್ಳಲಿ. ಒಲೆಯ ಮುಂದೆ ಕೂರುವವರು ಅವರೇ. ಗಂಡಸರು ಲೆಕ್ಕ ಹಿಡಿದರೆ ಹಣ ಧ್ವಜಸ್ತಂಭಕ್ಕೆ ಹೋಗುತ್ತದೆಂದು ನನ್ನ ಅನುಭವ.

ಸಮಿತಿಯಲ್ಲಿ ಕೆಲವರು ಶತಮಾನೋತ್ಸವದ ನೆನಪಿಗೆ ಹೊಸ ಗೋಪುರವೇ ಬೇಕೆನ್ನುತ್ತಾರೆ. ಅವರ ಭಕ್ತಿಯಲ್ಲಿ ನನಗೆ ಸಂದೇಹವಿಲ್ಲ. ಎರಡಕ್ಕೂ ಹಣ ಸಾಲದೆಂಬುದು ಮಾತ್ರ ಸ್ಪಷ್ಟ. ಯಾವುದು ಮೊದಲು ಎಂಬುದನ್ನು ನಾನೊಬ್ಬನೇ ತೀರ್ಮಾನಿಸಲಾರೆ. ಬರುವ ತಿಂಗಳ ಎರಡನೆಯ ಭಾನುವಾರ ಬಲಿಪೂಜೆಯ ನಂತರ ಧರ್ಮಕೇಂದ್ರದ ಸಭೆ ಸೇರುತ್ತದೆ. ಬರುವಾಗ ಕಳೆದ ಹನ್ನೆರಡು ತಿಂಗಳ ವಿದ್ಯುತ್ ಬಿಲ್ಲುಗಳನ್ನು ತನ್ನಿ. ಬಿಲ್ಲು ಸೊನ್ನೆ ಇರುವವರು ಸೌದೆಗೂ ಗ್ಯಾಸಿಗೂ ಕೊಟ್ಟದ್ದನ್ನು ಚೀಟಿಯಲ್ಲಿ ಬರೆದು ತನ್ನಿ. ಬರೆಯಲು ಬಾರದವರಿಗೆ ನಮ್ಮ ಯುವಕರು ಬಾಗಿಲಲ್ಲಿಯೇ ಕುಳಿತು ಬರೆದುಕೊಡುತ್ತಾರೆ.