ಕಾಣದ ರಕ್ತಸ್ರಾವ

(ಕೆಲಮಂಗಲದಲ್ಲಿ ಶಾಲಾ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಕಾಲಿಗೆ ಕಲ್ಲು ತಾಗಿ ರಕ್ತ ಬಂದರೆ ಮಗು ಅಳುತ್ತದೆ, ತಾಯಿ ಓಡಿಬರುತ್ತಾಳೆ. ಹೊಟ್ಟೆಯೊಳಗೆ ರಕ್ತ ಸೋರಿದರೆ ಹೊರಗೆ ಒಂದು ಹನಿಯೂ ಕಾಣದು. ಅದನ್ನು ಗುರುತಿಸುವ ಬಗೆಯನ್ನು ಕುರಿತು ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಹೊಟ್ಟೆಯ ಎಡಮೇಲ್ಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ, ಗುಲ್ಮವೆಂಬ ಮೃದುವಾದ ಅಂಗವಿದೆ. ಹುಣಸೆಮರದಿಂದ ಬಿದ್ದಾಗ, ಬೈಸಿಕಲ್ಲಿನ ಹಿಡಿ ಹೊಟ್ಟೆಗೆ ತಿವಿದಾಗ ಅದು ಒಡೆಯಬಹುದು. ಕೆಲವೊಮ್ಮೆ ಪೆಟ್ಟುಬಿದ್ದು ದಿನಗಳು ಕಳೆದ ಮೇಲೆ ರಕ್ತ ಸುರಿಯುವುದೂ ಉಂಟು. ಮಲೇರಿಯಾ ಜ್ವರದಿಂದ ಊದಿದ ಗುಲ್ಮವು ಅಪರೂಪಕ್ಕೆ ಪೆಟ್ಟಿಲ್ಲದೆಯೇ ಒಡೆಯುತ್ತದೆ. ಗುಲ್ಮದ ರಕ್ತನಾಳವೇ ಉಬ್ಬಿ ಒಡೆಯುವುದು ಮತ್ತೊಂದು ಅಪರೂಪದ ಕಾರಣ. ಗರ್ಭಿಣಿಯರಿಗೆ ಇದರ ಅಪಾಯ ಹೆಚ್ಚು. ಗರ್ಭಕೋಶದ ಹೊರಗೆ, ನಾಳದಲ್ಲಿ ನೆಲೆಸಿದ ಗರ್ಭವು ಒಡೆಯುವುದಂತೂ ಅಷ್ಟೇನೂ ಅಪರೂಪವಲ್ಲ.

ಮುಖ ಬಿಳಿಚುವುದು, ತಣ್ಣನೆಯ ಬೆವರು, ನಾಡಿಯ ವೇಗ, ಬಾಯಾರಿಕೆ, ಎದ್ದರೆ ತಲೆಸುತ್ತು ಇವು ಲಕ್ಷಣಗಳು. ಗುಲ್ಮ ಒಡೆದವರಿಗೆ ಎಡಹೆಗಲು ನೋಯಬಹುದು. ಸೋರಿದ ರಕ್ತವು ವಪೆಯನ್ನು ಕೆರಳಿಸಿದಾಗ ಆ ನೋವು ಹೆಗಲಿನದೆಂದು ತೋರುತ್ತದೆ. 30 ಕಿಲೋಗ್ರಾಂ ತೂಗುವ ಮಗುವಿನ ಮೈಯಲ್ಲಿರುವುದು ಎರಡು ಲೀಟರಿಗಿಂತ ತುಸು ಹೆಚ್ಚು ರಕ್ತ ಮಾತ್ರ. ಆದರೂ ಬಹಳ ರಕ್ತ ಹೋಗುವವರೆಗೆ ಮಕ್ಕಳ ರಕ್ತದೊತ್ತಡ ಇಳಿಯುವುದಿಲ್ಲ. ಆದುದರಿಂದ ‘ಓಡಾಡುತ್ತಿದ್ದಾನಲ್ಲ’ ಎಂದು ನೆಮ್ಮದಿಯಿಂದಿರಲಾಗದು.

ಆಸ್ಪತ್ರೆಯಲ್ಲಿ ಅಲ್ಟ್ರಾಸೌಂಡ್ ಯಂತ್ರವು ಕೆಲವೇ ನಿಮಿಷಗಳಲ್ಲಿ ಹೊಟ್ಟೆಯೊಳಗಿನ ರಕ್ತವನ್ನು ತೋರಿಸಬಲ್ಲದು. ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿ ಸೋರುವ ಜಾಗವನ್ನು ಹುಡುಕುತ್ತಾರೆ. ಸ್ಥಿತಿ ಕೆಡುತ್ತಿದ್ದರೆ ಕಾಯದೆ ಶಸ್ತ್ರಚಿಕಿತ್ಸೆಗೆ ಒಯ್ಯುತ್ತಾರೆ. ಆದರೆ ಯಾವಾಗ ಬಿದ್ದನು, ಯಾವ ಜ್ವರ ಬಂದಿತ್ತು, ಯಾವ ಔಷಧಿ ನುಂಗಿದ್ದಾರೆ, ಹೆಂಗಸಾದರೆ ಮುಟ್ಟು ತಪ್ಪಿದೆಯೇ ಎಂಬುದನ್ನು ಯಾವ ಯಂತ್ರವೂ ಹೇಳದು, ಮನೆಯವರೇ ಹೇಳಬೇಕು. ಅಪರೂಪದ ಕಾರಣವು ಎಷ್ಟೋ ವೇಳೆ ಈ ಉತ್ತರಗಳಿಂದಲೇ ಹೊಳೆಯುತ್ತದೆ.

ಸಂದೇಹ ಬಂದೊಡನೆ ರೋಗಿಯನ್ನು ಮಲಗಿಸಿ 108ಕ್ಕೆ ಕರೆಮಾಡಿರಿ. ತಿನ್ನಲು, ಕುಡಿಯಲು ಏನನ್ನೂ ಕೊಡಬೇಡಿರಿ. ಹೊಟ್ಟೆಯನ್ನು ನೀವಬೇಡಿರಿ. ಹೊಸೂರಿನ ದಾರಿಯಲ್ಲಿ ಕಳೆಯುವ ಹೊತ್ತೂ ಅಮೂಲ್ಯ, ಮನೆಮದ್ದಿಗೆಂದು ತಡಮಾಡಬಾರದು.

ಮಕ್ಕಳೇ, ಮರದಿಂದ ಬಿದ್ದುದನ್ನು ಏಟಿನ ಭಯದಿಂದ ಬಚ್ಚಿಡಬೇಡಿರಿ. ಗೆಳೆಯನು ಬಿದ್ದುದನ್ನು ಕಂಡರೆ ನೀವಾದರೂ ಹೇಳಿರಿ. ತಂದೆತಾಯಿಗಳೇ, ಬಯ್ಯುವುದಿದ್ದರೆ ಮಗು ಗುಣವಾಗಿ ಮನೆಗೆ ಬಂದ ಮೇಲೆ ಬಯ್ಯಿರಿ. ನಿಜ ಹೇಳಿದರೆ ಏಟು ಬೀಳದೆಂಬ ನಂಬಿಕೆ ಮಗುವಿಗಿದ್ದರೆ ವೈದ್ಯನ ಅರ್ಧ ಕೆಲಸ ನಿಮ್ಮ ಮನೆಯಲ್ಲೇ ಆದಂತೆ.